ಮಲೆನಾಡಿನ ಚಿಕ್ಕ ಕ್ರೈಸ್ತ ಸಭೆಗಳಲ್ಲಿ ಹಿರಿಯರಿಂದ ಮುಂದಿನವರಿಗೆ ಹೊಣೆ ದಾಟಿಸುವುದು ಹೇಗೆ?

ತೀರ್ಥಹಳ್ಳಿ ಸಭಾ ಕಾರ್ಯದರ್ಶಿ:

ಎಲ್ಲರಿಗೂ ವಂದನೆಗಳು. ನಮ್ಮದು ತೀರ್ಥಹಳ್ಳಿ ಕಡೆಯ ಸ್ವತಂತ್ರ ಸಭೆ (ಯಾವ ದೊಡ್ಡ ಸಂಸ್ಥೆಗೂ ಸೇರದ್ದು), ಸುಮಾರು 40 ಮನೆ. ಅರ್ಧದಷ್ಟು ಜನ ತೋಟದ ಕೆಲಸದವರು, ಉಳಿದವರು ಪೇಟೆಯವರು. ಪ್ರಸಂಗ (ಆರಾಧನೆಯಲ್ಲಿ ಮಾಡುವ ಬೋಧನೆ), ಮನೆ ಭೇಟಿ, ಕಾಣಿಕೆ ಲೆಕ್ಕ ಎಲ್ಲವೂ 70 ದಾಟಿದ ಪಾಸ್ಟರ್ ಒಬ್ಬರ ಮೇಲೆಯೇ ನಿಂತಿದೆ. ಎರಡು ವರ್ಷದೊಳಗೆ ಎಲ್ಲವನ್ನೂ ದಾಟಿಸಿಬಿಡೋಣ ಎಂದು ಅವರೇ ಹೇಳಿದ್ದಾರೆ. ಮುಂದೆ ಬಂದಿರುವವರು ನಾಲ್ವರು. ಇಬ್ಬರು ಹುಡುಗರು ಬೆಂಗಳೂರಲ್ಲಿ ಕೆಲಸಕ್ಕಿದ್ದಾರೆ, ಒಬ್ಬ ಊರಲ್ಲೇ ಅಡಿಕೆ ವ್ಯಾಪಾರ ಮಾಡುತ್ತಾನೆ, ಇನ್ನೊಬ್ಬಳು ಅಂಗನವಾಡಿ ಕಾರ್ಯಕರ್ತೆ. ಯಾವುದನ್ನು ಮೊದಲು ಕೊಡಬೇಕು, ಯಾವುದನ್ನು ಕೊನೆಗೆ? ಇಂಥ ಕೆಲಸ ಎಲ್ಲಿ ಕೆಡುತ್ತದೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ನಿವೃತ್ತ ಸಭಾಪಾಲಕ, ಶಿವಮೊಗ್ಗ:

ವಂದನೆಗಳು. ಪಾಸ್ಟರ್ ತಾವಾಗಿಯೇ ಹೇಳಿದ್ದಾರೆ ಎಂದರೆ ಅರ್ಧ ಕೆಲಸ ಆದ ಹಾಗೆ. ಹೆಚ್ಚಿನ ಕಡೆ ಹಿರಿಯರು ಹಾಸಿಗೆ ಹಿಡಿದ ಮೇಲೆ ಈ ಮಾತು ಶುರುವಾಗುತ್ತದೆ, ಆಗ ಕಲಿಸಲು ಅವರಿಗೆ ಶಕ್ತಿಯೇ ಉಳಿದಿರುವುದಿಲ್ಲ.

ಮೊದಲು ಕೊಡಬೇಕಾದದ್ದು ಮನೆ ಭೇಟಿ. ವೇದಿಕೆ ಕೊನೆಗೆ. ಎಲ್ಲ ಕಡೆ ಇದನ್ನು ತಿರುಗಿಸಿ ಮಾಡುತ್ತಾರೆ: ಚೆನ್ನಾಗಿ ಮಾತಾಡುವ ಹುಡುಗನಿಗೆ ಮೈಕು ಕೊಟ್ಟು "ಇವನೇ ಮುಂದಿನ ಪಾಸ್ಟರ್" ಎಂದುಬಿಡುತ್ತಾರೆ. ಯಾರ ಮನೆಯಲ್ಲಿ ಸಾಲ ಇದೆ, ಯಾರ ಮಗ ಕುಡಿತಕ್ಕೆ ಬಿದ್ದಿದ್ದಾನೆ, ಯಾವ ಅಜ್ಜಿಗೆ ಕಣ್ಣು ಕಾಣುವುದಿಲ್ಲ ಎಂಬುದು ಅವನಿಗೆ ಗೊತ್ತಿರುವುದಿಲ್ಲ. ಪ್ರಸಂಗ ಜನರ ತಲೆಯ ಮೇಲೆ ಹಾರಿಹೋಗುತ್ತದೆ. ಆರು ತಿಂಗಳಲ್ಲಿ ಜನ ಮತ್ತೆ ಹಳೆಯ ಪಾಸ್ಟರ ಮನೆ ಬಾಗಿಲಿಗೇ ಬರುತ್ತಾರೆ.

ಸತ್ಯವೇದದ ಎರಡನೇ ತಿಮೊಥೆಯ 2:2ರಲ್ಲಿ ನಾಲ್ಕು ತಲೆಮಾರು ಇದೆ, ಎಣಿಸಿ ನೋಡಿ: ಪೌಲ, ತಿಮೊಥೆಯ, ನಂಬಿಗಸ್ತರು, ಅವರಿಂದ ಕಲಿಯುವ ಇತರರು. ಆದ್ದರಿಂದ ಕಲಿಯುವವನು ತಾನೊಬ್ಬನಿಗೆ ಕಲಿಸುವ ತನಕ ದಾಟಿಸುವ ಕೆಲಸ ಮುಗಿದಿಲ್ಲ. ಮನೆ ಭೇಟಿಯಲ್ಲಿ ಇದು ಹೀಗೆ ನಡೆಯಲಿ. ಮೊದಲ ಮೂರು ತಿಂಗಳು ಪಾಸ್ಟರ್ ಮಾಡುತ್ತಾರೆ, ಕಿರಿಯರು ಜೊತೆಗಿದ್ದು ನೋಡುತ್ತಾರೆ. ಮುಂದಿನ ಮೂರು ತಿಂಗಳು ವಾಕ್ಯ ಓದುವುದು ಕಿರಿಯರು, ಪ್ರಾರ್ಥನೆ ಹಿರಿಯರು. ಆಮೇಲೆ ಅದಲುಬದಲು. ವರ್ಷದ ಕೊನೆಗೆ ಹಿರಿಯರು ಮನೆಯಲ್ಲೇ ಉಳಿದು, ಕಿರಿಯರು ಇನ್ನೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು.

ಭೇಟಿಗೆ ಯಾವಾಗಲೂ ಇಬ್ಬರು. ಅರ್ಧ ಗಂಟೆ ಸಾಕು. ಚಹಾ ಕುಡಿಯುವಾಗ ಕೇಳಿಸಿಕೊಳ್ಳಿ, ಬುದ್ಧಿ ಹೇಳಬೇಡಿ. ಏಳೆಂಟು ವಚನ ಮೀರದಂತೆ ಓದಿ. "ಯಾವುದಕ್ಕೆ ಪ್ರಾರ್ಥನೆ ಮಾಡಲಿ?" ಎಂದು ಕೇಳಿಯೇ ಪ್ರಾರ್ಥಿಸಿ. ಹೊರಬಂದ ಮೇಲೆ ಒಂದು ಪುಸ್ತಕದಲ್ಲಿ ದಿನಾಂಕ, ಮನೆ, ಪ್ರಾರ್ಥನೆಯ ವಿಷಯ ಬರೆದಿಡಿ. ಮುಂದಿನ ಸಲ ಹೋದಾಗ ಆ ವಿಷಯವನ್ನೇ ಮೊದಲು ಕೇಳಿ. ಹಿರಿಯರು ತೀರಿಹೋದರೂ ಉಳಿಯುವುದು ಈ ಪುಸ್ತಕ. ಆದರೆ ಕುಟುಂಬದ ಗುಟ್ಟುಗಳನ್ನು ಅದರಲ್ಲಿ ಬರೆಯಬಾರದು, ವಾಟ್ಸಾಪ್ ಗುಂಪಿಗಂತೂ ಹಾಕಲೇಬಾರದು. "ಇಂಥವರ ಮಗಳ ಮದುವೆ ಸಮಸ್ಯೆಗೆ ಪ್ರಾರ್ಥಿಸಿ" ಎಂಬ ಒಂದು ಮೆಸೇಜಿಗೆ ಒಂದು ಮನೆ ಸಭೆ ಬಿಟ್ಟುಹೋಗುತ್ತದೆ.

ಹೊಸನಗರ ಯೂತ್:

ಅಯ್ಯನವರೇ, ಕ್ರಮ ಸರಿ. ಆದರೆ ತಿಂಗಳ ಲೆಕ್ಕವನ್ನು ನಮ್ಮ ಕಡೆಯ ಕೆಲಸದ ಕಾಲಕ್ಕೆ ಹೊಂದಿಸದಿದ್ದರೆ ಕಾಗದದಲ್ಲೇ ಉಳಿಯುತ್ತೆ.

ಜುಲೈ, ಆಗಸ್ಟ್ ನಾಟಿ. ಮಳೆ ಜೋರು, ಸಂಜೆ ಆರಕ್ಕೇ ಕತ್ತಲು, ಮರ ಬಿದ್ದು ಕರೆಂಟ್ ಇರಲ್ಲ. ದೀಪಾವಳಿ ಸುಮಾರಿಗೆ ಅಡಿಕೆ ಕೊಯ್ಲು ಶುರುವಾದರೆ ಫೆಬ್ರವರಿ ತನಕ ರಾತ್ರಿ ಹನ್ನೊಂದರವರೆಗೂ ಸುಲಿಯೋ ಕೆಲಸ. ಕೊಪ್ಪ, ಶೃಂಗೇರಿ ಕಡೆ ಡಿಸೆಂಬರ್‌ನಿಂದ ಕಾಫಿ ಕೊಯ್ಲು. ಈ ಕಾಲದಲ್ಲಿ "ಸಂಜೆ ಏಳಕ್ಕೆ ಪ್ರಾರ್ಥನಾ ಕೂಟ" ಅಂದರೆ ಹೆಂಗಸರು ಬರೋಕೇ ಆಗಲ್ಲ, ಬಂದರೂ ಕೂಲಿ ಹೋಗುತ್ತೆ.

ಆಗುವ ದಾರಿ: ಸುಲಿಯೋ ಜಾಗಕ್ಕೇ ಹೋಗಿ. ತೋಟದ ಯಜಮಾನರನ್ನು ಮೊದಲೇ ಕೇಳಿ, ಅವರು ಒಪ್ಪಿದರೆ ಮಾತ್ರ. ಬೇರೆ ಧರ್ಮದವರೂ ಅಲ್ಲೇ ಕೂತು ಸುಲೀತಿದ್ದರೆ ಪ್ರಸಂಗ ಬೇಡ. ನಮ್ಮವರ ಪಕ್ಕ ಕೂತು ಕತ್ತಿ ಹಿಡಿದು ಒಂದು ಬುಟ್ಟಿ ಸುಲಿದು, ಕಷ್ಟಸುಖ ಕೇಳಿ ಬನ್ನಿ. ಕೂಟ ಭಾನುವಾರ ಮಧ್ಯಾಹ್ನಕ್ಕೆ ಇಡಿ. ಮಾರ್ಚ್‌ನಿಂದ ಮೇ ತುಂಬಾ ಒಳ್ಳೆ ಕಾಲ. ತರಬೇತಿ, ವಿಬಿಎಸ್ (ಮಕ್ಕಳ ಬೇಸಿಗೆ ರಜೆಯ ಬೈಬಲ್ ಶಾಲೆ), ಹೊಸ ಜವಾಬ್ದಾರಿ ಎಲ್ಲ ಆಗಲೇ ಶುರು ಮಾಡಿ.

ಇನ್ನೊಂದು: ಡಿಸೆಂಬರ್‌ನಿಂದ ಮೇ ಮಂಗನ ಕಾಯಿಲೆ (ಕಾಡಿನ ಉಣ್ಣೆ ಕಚ್ಚಿ ಬರೋ ಜ್ವರ) ಕಾಲ. ಸೊರಬದ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಕಂಡಿದ್ದು ಇವತ್ತಿಗೂ ಬಿಟ್ಟಿಲ್ಲ. ಕಾಡಂಚಿನ ಮನೆಗಳಿಗೆ ದರಗೆಲೆ ಮೇಲೆ ಅಡ್ಡದಾರೀಲಿ ನಡೆಯಬೇಡಿ. ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಕೊಡೋ ಡೀಪಾ ಎಣ್ಣೆ ಕೈಕಾಲಿಗೆ ಹಚ್ಚಿ. ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ, ಬಟ್ಟೆ ಒಗೆಯೋಕೆ. ಯಾವುದಾದ್ರೂ ಹಳ್ಳೀಲಿ ಮಂಗ ಸತ್ತ ಸುದ್ದಿ ಬಂದರೆ ಭೇಟಿ ಮುಂದಕ್ಕೆ ಹಾಕಿ.

ಬೆಂಗಳೂರಲ್ಲಿರೋ ಇಬ್ಬರಿಗೆ ಆನ್‌ಲೈನ್ ಪ್ರಸಂಗ ಕೊಡಬೇಡಿ. ನಮ್ಮ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗೋದು ಗುಡ್ಡದ ಮೇಲೆ ಒಂದೇ ಕಡೆ. ಅವರಿಗೆ ದೂರದಿಂದಲೇ ಆಗೋ ಕೆಲಸ ಕೊಡಿ: ತಿಂಗಳ ಲೆಕ್ಕ ಎಕ್ಸೆಲ್‌ಗೆ ಏರಿಸೋದು, ಹಾಡಿನ ಹಾಳೆ ಕನ್ನಡದಲ್ಲಿ ಟೈಪ್ ಮಾಡೋದು, ಹಳೇ ರಿಜಿಸ್ಟರ್ ಸ್ಕ್ಯಾನ್.

ಸಾಗರ ಖಜಾಂಚಿ:

ರಿಜಿಸ್ಟರ್ ಮಾತು ಬಂದದ್ದು ಒಳ್ಳೆಯದಾಯಿತು. ದೀಕ್ಷಾಸ್ನಾನ, ಮದುವೆ, ಸಮಾಧಿ, ಈ ಮೂರು ರಿಜಿಸ್ಟರ್‌ಗಳನ್ನು ಮಳೆಗಾಲಕ್ಕೆ ಮೊದಲು, ಮೇ ಒಳಗೆ ಸ್ಕ್ಯಾನ್ ಮಾಡಿಸಿ. ನಮ್ಮ ಹವೆಗೆ ಒಂದೇ ಮಳೆಗಾಲದಲ್ಲಿ ಹಾಳೆಗೆ ಬೂಷ್ಟು ಹಿಡಿಯುತ್ತದೆ, ಬೆಳ್ಳಿಹುಳು ಅಂಚು ತಿನ್ನುತ್ತದೆ. 300 ಡಿಪಿಐ ಸಾಕು. ಫೈಲಿನ ಹೆಸರಲ್ಲಿ ವರ್ಷ ಮತ್ತು ಪುಟದ ಸಂಖ್ಯೆ ಇರಲಿ. ಒಂದು ಪ್ರತಿ ಸಭೆಯಲ್ಲಿ, ಇನ್ನೊಂದು ಬೇರೆ ಊರಲ್ಲಿ. ಮೂಲ ಪುಸ್ತಕ ಕಬ್ಬಿಣದ ಬೀರುವಿನಲ್ಲಿ, ಗೋಡೆಗೆ ತಾಗದ ಹಾಗೆ. ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಒಳಗೆ ತೇವ ಉಳಿದು ಇನ್ನೂ ಬೇಗ ಹಾಳಾಗುತ್ತದೆ.

ಹಣದ ವಿಷಯ. ಕಾಣಿಕೆ ಎಣಿಸುವವರು ಇಬ್ಬರು, ಒಂದೇ ಮನೆಯವರಾಗಿರಬಾರದು. ಆರಾಧನೆ ಮುಗಿದ ಕೂಡಲೇ, ಸಭೆಯ ಒಳಗೇ, ನೋಟುಗಳ ಮುಖಬೆಲೆ ಬರೆದ ಚೀಟಿಗೆ ಇಬ್ಬರ ಸಹಿ. ಸೋಮವಾರ ಬ್ಯಾಂಕಿಗೆ. ಕಾಣಿಕೆಯಿಂದ ನೇರವಾಗಿ ಖರ್ಚು ಮಾಡಬಾರದು, ಎಲ್ಲ ಹಣ ಖಾತೆಗೆ ಹೋಗಿ ಅಲ್ಲಿಂದ ಹೊರಬರಬೇಕು. ಖಾತೆ ಜಂಟಿಯಾಗಿರಲಿ, ಮೂವರಲ್ಲಿ ಯಾರಾದರೂ ಇಬ್ಬರ ಸಹಿ. ಸಹಿದಾರರನ್ನು ಬದಲಿಸಲು ಬ್ಯಾಂಕಿನವರು ಕೇಳುವುದು ಕಮಿಟಿಯ ಠರಾವಿನ ಪ್ರತಿ, ಹೊಸಬರ ಆಧಾರ್, ಪ್ಯಾನ್, ಫೋಟೋ, ಮಾದರಿ ಸಹಿ. ಹಳೆಯ ಸಹಿದಾರರು ಬದುಕಿರುವಾಗಲೇ ಮಾಡಿಸಿ. ಅವರು ತೀರಿಕೊಂಡ ಮೇಲೆ ಹಣ ತಿಂಗಳುಗಟ್ಟಲೆ ಸಿಕ್ಕಿಬೀಳುತ್ತದೆ.

ಸಂಘ ನೋಂದಣಿ ಆಗಿದೆಯೇ? 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಆಗಿದ್ದರೆ ಪ್ರತಿವರ್ಷ ಸರ್ವಸದಸ್ಯರ ಸಭೆ, ಆಡಿಟ್ ಆದ ಲೆಕ್ಕ, ಕಮಿಟಿಯ ಪಟ್ಟಿ ನೋಂದಣಾಧಿಕಾರಿಗೆ ಹೋಗಬೇಕು. ಚಿಕ್ಕ ಸಭೆಗಳು ನೋಂದಣಿ ಮಾಡಿಸಿದ ವರ್ಷವೇ ಕೊನೆ, ಮತ್ತೆ ಆ ಕಡೆ ಹೋಗಿರುವುದಿಲ್ಲ. ಬಾಕಿ ವರ್ಷಗಳದ್ದು ದಂಡ ಕಟ್ಟಿ ಸರಿಪಡಿಸುವುದೇ ಹೊಸ ಖಜಾಂಚಿಗೆ ಮೊದಲ ಪಾಠವಾಗಲಿ.

ಗಲ್ಫ್‌ನಲ್ಲಿರುವ ಮಕ್ಕಳು ಕಳಿಸುವ ಹಣದ ಬಗ್ಗೆ ಎಲ್ಲರೂ ಕೇಳುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ತೆಗೆದುಕೊಂಡವರು ಕಳಿಸಿದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ ಅನ್ವಯಿಸುತ್ತದೆ. ಆ ನೋಂದಣಿ ಇಲ್ಲದೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬೇಡಿ.

ತೀರ್ಥಹಳ್ಳಿ ಸಭಾ ಕಾರ್ಯದರ್ಶಿ:

ಸರ್, ನೋಂದಣಿ ಆಗಿದೆ, ಆದರೆ ಜಾಗ ಪಾಸ್ಟರ್ ಹೆಸರಲ್ಲೇ ಇದೆ. ಆಗ ಸಂಘ ಇರಲಿಲ್ಲ, ಜನ ಕೈಯಿಂದ ಹಾಕಿದ ಹಣದಲ್ಲಿ ಅವರ ಹೆಸರಿಗೇ ಕೊಂಡಿದ್ದು. ತೊಂದರೆ ಆಗುತ್ತದೆಯೇ?

ವಕೀಲೆ, ಶಿವಮೊಗ್ಗ:

ಆಗುತ್ತದೆ. ಸ್ವತಂತ್ರ ಸಭೆಗಳು ಒಡೆಯುವುದು ಉಪದೇಶದ ಭೇದಕ್ಕಿಂತ ಹೆಚ್ಚಾಗಿ ಇದೇ ಕಾರಣಕ್ಕೆ. ಕ್ರೈಸ್ತರ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯ. ಉಯಿಲು ಇಲ್ಲದೆ ತೀರಿಕೊಂಡರೆ ಹೆಂಡತಿಗೆ ಮೂರರಲ್ಲೊಂದು ಪಾಲು, ಉಳಿದ ಎರಡು ಪಾಲು ಮಕ್ಕಳಿಗೆ ಸಮನಾಗಿ. ಪಹಣಿಯಲ್ಲಿ ಅವರ ಹೆಸರಿದ್ದರೆ "ಸಭೆಯ ಹಣದಲ್ಲಿ ಕೊಂಡದ್ದು" ಎಂದು ಸಾಬೀತು ಮಾಡುವ ಭಾರ ನಿಮ್ಮದು. ಮಕ್ಕಳು ಒಳ್ಳೆಯವರಾದರೂ ಅಳಿಯಂದಿರು, ಸಾಲ ಕೊಟ್ಟವರು, ಬ್ಯಾಂಕು ಒಪ್ಪಬೇಕೆಂದಿಲ್ಲ.

ಪಾಸ್ಟರ್ ಆರೋಗ್ಯವಾಗಿರುವಾಗಲೇ ನೋಂದಾಯಿತ ದಾನಪತ್ರದ ಮೂಲಕ ಸಂಘದ ಹೆಸರಿಗೆ ವರ್ಗಾಯಿಸುವುದು ಉತ್ತಮ. ಹೋಗುವ ಮೊದಲು ಜಾಗದ ಜಾತಕ ನೋಡಿ. ಕೃಷಿ ಭೂಮಿಯೋ? ಹಾಗಿದ್ದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ ಆಗಿರಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯ ನಿವೇಶನವಾದರೆ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11 ನೋಡಿ. ಬಗರ್‌ಹುಕುಂ ಅಥವಾ ಅರಣ್ಯದ ಗಡಿಯಲ್ಲಿದ್ದರೆ ಬೇರೆ ಪ್ರಶ್ನೆ: ಮಂಜೂರಾತಿಯ ಷರತ್ತು ಓದದೆ ಯಾವ ಪತ್ರಕ್ಕೂ ಸಹಿ ಹಾಕಿಸಬೇಡಿ, ಮಂಜೂರಾದ ಜಾಗಕ್ಕೆ ಇಂತಿಷ್ಟು ವರ್ಷ ಪರಭಾರೆ ಮಾಡಬಾರದೆಂಬ ನಿರ್ಬಂಧ ಇರಬಹುದು.

ದಾನಪತ್ರಕ್ಕೆ ತಡವಾಗುವುದಾದರೆ ಈ ವಾರವೇ ಉಯಿಲು ಬರೆಸಿ. ಬಿಳಿ ಹಾಳೆ ಸಾಕು, ಇಬ್ಬರು ಸಾಕ್ಷಿಗಳ ಸಹಿ ಬೇಕು. ಆ ಸಾಕ್ಷಿಗಳು ಉಯಿಲಿನಿಂದ ಲಾಭ ಪಡೆಯುವವರಾಗಿರಬಾರದು. ಹಿಂದೆ ಕ್ರೈಸ್ತರು ಧಾರ್ಮಿಕ ಉದ್ದೇಶಕ್ಕೆ ಉಯಿಲು ಬರೆಯಲು 118ನೇ ಕಲಮಿನ ಅಡ್ಡಿ ಇತ್ತು. ಸುಪ್ರೀಂ ಕೋರ್ಟ್ 2003ರಲ್ಲಿ ಅದನ್ನು ರದ್ದು ಮಾಡಿದೆ. ಹೆಂಡತಿ ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಅವರಿಗೆ ತಿಳಿಸಿಯೇ ಬರೆಸಿ. ಅವರ ಬದುಕಿಗೆ ಏನಿದೆ ಎಂಬುದನ್ನೂ ಸಭೆ ಅದೇ ದಿನ ನೋಡಬೇಕು. 40 ವರ್ಷ ಸೇವೆ ಮಾಡಿದವರ ಹೆಂಡತಿಗೆ ತಲೆಯ ಮೇಲೆ ಸೂರಿಲ್ಲದ ಹಾಗೆ ಮಾಡಿ ಜಾಗ ಬರೆಸಿಕೊಳ್ಳುವುದು ನ್ಯಾಯವಲ್ಲ.

ಅಂಗನವಾಡಿಯಲ್ಲಿರುವ ತಂಗಿಗೆ ಒಂದು ಮಾತು. ಅಲ್ಲಿನ ಮಕ್ಕಳ ಪಟ್ಟಿ, ತಾಯಂದಿರ ಫೋನ್ ನಂಬರ್, ಅಲ್ಲಿನ ಜಾಗ, ಅಲ್ಲಿನ ಸಮಯ, ಯಾವುದನ್ನೂ ಸಭೆಯ ಕೆಲಸಕ್ಕೆ ಬಳಸಬಾರದು. ಎರಡನ್ನೂ ಪೂರ್ತಿ ಬೇರೆ ಇಟ್ಟುಕೊಂಡರೆ ಅವಳಿಗೂ ರಕ್ಷೆ, ಸಭೆಗೂ ರಕ್ಷೆ.

ಕೊಪ್ಪ ಗುರಿಕಾರ:

ಕಥೋಲಿಕರ ಕಡೆಯಿಂದ ಸ್ವಲ್ಪ. ನಮ್ಮಲ್ಲಿ ಆಸ್ತಿಯ ಈ ತೊಂದರೆ ಇಲ್ಲ, ಎಲ್ಲ ಧರ್ಮಪ್ರಾಂತ್ಯದ (ಬಿಷಪ್ ಒಬ್ಬರ ಆಡಳಿತದ ಪ್ರದೇಶ) ವ್ಯವಸ್ಥೆಯಲ್ಲಿರುತ್ತದೆ. ಚಿಕ್ಕಮಗಳೂರು ಧರ್ಮಪ್ರಾಂತ್ಯ 1963ರದ್ದು, ಅದರಿಂದ ಶಿವಮೊಗ್ಗ 1988ರಲ್ಲಿ ಬೇರೆಯಾಯಿತು. ಭದ್ರಾವತಿಯ ಸೀರೋ ಮಲಬಾರ್ (ಕೇರಳ ಮೂಲದ ಕಥೋಲಿಕರ) ಧರ್ಮಪ್ರಾಂತ್ಯ 2007ರದ್ದು. ಫಾದರ್‌ಗೆ 75 ಆದಾಗ ರಾಜೀನಾಮೆ ಸಲ್ಲಿಸುವ ನಿಯಮ ಇದೆ, ಧರ್ಮಾಧ್ಯಕ್ಷರಿಗೂ ಅಷ್ಟೆ. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಕಡ್ಡಾಯ.

ಆದರೆ ಇದರಿಂದ ಬೇರೆ ಥರದ ಕಷ್ಟ ಬರುತ್ತದೆ. ಫಾದರ್ ಕೆಲವು ವರ್ಷಕ್ಕೊಮ್ಮೆ ವರ್ಗ ಆಗುತ್ತಾರೆ. ಊರಿನ ನೆನಪು ಉಳಿಯುವುದು ಗುರಿಕಾರರಲ್ಲಿ (ವಾಳೆ ಎಂದರೆ ಕೆಲವು ಮನೆಗಳ ಗುಂಪು, ಅದರ ಮುಖ್ಯಸ್ಥರು) ಮತ್ತು ಧರ್ಮೋಪದೇಶ ಹೇಳಿಕೊಡುವ ಟೀಚರ್‌ಗಳಲ್ಲಿ. ಆ ಗುರಿಕಾರರೇ 20-25 ವರ್ಷ ಒಂದೇ ವಾಳೆಯಲ್ಲಿ ಕೂತುಬಿಟ್ಟರೆ ಫಾದರ್ ಬದಲಾದರೂ ಏನೂ ಬದಲಾಗುವುದಿಲ್ಲ. ಹಾಗಾಗಿ ಗುರಿಕಾರರಿಗೂ ಮೂರು ವರ್ಷದ ಅವಧಿ ಇಡಿ, ಬೇಕಾದರೆ ಇನ್ನೊಂದೇ ಅವಧಿ. ಪ್ರತಿ ಗುರಿಕಾರರ ಜೊತೆ 30ರೊಳಗಿನ ಒಬ್ಬ ಸಹಾಯಕ ಮೊದಲ ದಿನದಿಂದಲೇ ಇರಲಿ. ವಾಳೆಯ ಮನೆಗಳ ಪಟ್ಟಿ, ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ತಲುಪಿಸುವ ದಿನ, ಮರಣದ ಸುದ್ದಿ ಬಂದರೆ ಯಾರಿಗೆ ಯಾವ ಕ್ರಮದಲ್ಲಿ ಫೋನ್, ಇವು ಸಹಾಯಕನ ಕೈಯಲ್ಲೇ ಇರಬೇಕು.

ಭದ್ರಾವತಿ ಭಾನುವಾರ ಶಾಲೆ:

ಇಲ್ಲಿಯವರೆಗೆ ಯಾರೂ ಮುಟ್ಟದ ವಿಷಯ ಭಾಷೆ. ನಮ್ಮ ಊರಿನ ಸಭೆಗಳು ಕಾರ್ಖಾನೆಯ ಜೊತೆ ಬೆಳೆದವು. 1923ರಿಂದ ಕಬ್ಬಿಣದ ಕಾರ್ಖಾನೆ, ಆಮೇಲೆ ಕಾಗದದ ಕಾರ್ಖಾನೆ. ತಮಿಳು, ತೆಲುಗು ಮಾತಾಡುವ ಕೆಲಸಗಾರರು ಬಂದರು. ಗುಡ್ಡದ ಕಡೆ ಮಂಗಳೂರಿಂದ ಬಂದ ಕೊಂಕಣಿ ಮನೆಗಳು, ಕೇರಳದಿಂದ ಬಂದ ಮಲಯಾಳಿ ಮನೆಗಳು. ಅಜ್ಜಿ ತನ್ನ ಭಾಷೆಯಲ್ಲಿ ಪ್ರಾರ್ಥಿಸುತ್ತಾಳೆ, ಮೊಮ್ಮಗ ಕನ್ನಡದಲ್ಲಿ ಮಾತಾಡುತ್ತಾನೆ, ಓದುವುದು ಇಂಗ್ಲಿಷಿನಲ್ಲಿ. ಮೂರು ತಲೆಮಾರು ಒಂದೇ ಬೆಂಚಿನಲ್ಲಿ ಕೂತು ಮೂರು ಬೇರೆ ಆರಾಧನೆ ಮಾಡುತ್ತಿರುತ್ತಾರೆ.

ಯಾವ ಭಾಷೆ ಎಂದು ಜಗಳಕ್ಕೆ ಬೀಳಬೇಡಿ. ಬೋಧನೆ ಕನ್ನಡದಲ್ಲಿ ಇರಲಿ, ಏಕೆಂದರೆ ಊರಿನವರೊಡನೆ ಮಕ್ಕಳು ಮುಂದೆ ಮಾತಾಡಬೇಕಾದದ್ದು ಅದರಲ್ಲೇ. ಮನೆಯ ಸಂಜೆ ಪ್ರಾರ್ಥನೆ ಅಜ್ಜಿಯ ಭಾಷೆಯಲ್ಲೇ ಉಳಿಯಲಿ. ತಿಮೊಥೆಯನ ನಂಬಿಕೆ ಮೊದಲು ಇದ್ದದ್ದು ಅವನ ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನಿಕೆಯಲ್ಲಿ ಎಂದು ಪೌಲ ಬರೆಯುತ್ತಾನೆ. ಆರಾಧನೆಯಲ್ಲಿ ತಿಂಗಳಿಗೊಮ್ಮೆ ಹಿರಿಯರ ಭಾಷೆಯ ಒಂದು ಹಾಡು ಹಾಡಿಸಿ, ಮಕ್ಕಳಿಗೆ ಕನ್ನಡ ಲಿಪಿಯಲ್ಲಿ ಬರೆದುಕೊಡಿ.

ನಿಜವಾಗಿ ಚಿಂತೆಯಾಗುವುದು ಕನ್ನಡ ಓದಲು ಬರದಿರುವುದು. ಇಂಗ್ಲಿಷ್ ಮಾಧ್ಯಮದ ಹತ್ತನೇ ತರಗತಿಯ ಹುಡುಗನ ಕೈಗೆ ಸತ್ಯವೇದ ಕೊಟ್ಟು ಓದು ಎಂದರೆ "ಪರಿಶುದ್ಧಾತ್ಮಭರಿತರಾಗಿ" ಎಂಬಲ್ಲಿ ನಿಂತುಬಿಡುತ್ತಾನೆ. ಎಲ್ಲರ ಮುಂದೆ ಒಮ್ಮೆ ತಡವರಿಸಿದವನು ಮತ್ತೆ ವೇದಿಕೆ ಹತ್ತುವುದಿಲ್ಲ. ಅಲ್ಲಿಗೆ ಒಬ್ಬ ಮುಂದಿನ ಹಿರಿಯ ಕಳೆದುಹೋದ. ಭಾನುವಾರದ ಭಾಗವನ್ನು ಬುಧವಾರವೇ ಕೊಡಿ. ಉದ್ದ ಪದಗಳನ್ನು ಪೆನ್ಸಿಲಲ್ಲಿ ಗೀಟು ಹಾಕಿ ಒಡೆದು ತೋರಿಸಿ: ಪರಿಶುದ್ಧ / ಆತ್ಮ / ಭರಿತರಾಗಿ. ಮನೆಯಲ್ಲಿ ಮೂರು ಸಲ ಗಟ್ಟಿಯಾಗಿ, ಒಂದು ಸಲ ಅಜ್ಜ ಅಥವಾ ಅಜ್ಜಿಯ ಮುಂದೆ. ಶನಿವಾರ ಖಾಲಿ ಸಭೆಯಲ್ಲಿ ಮೈಕ್ ಇಲ್ಲದೆ ಕೊನೆಯ ಬೆಂಚಿಗೆ ಕೇಳಿಸುವ ಹಾಗೆ. ನಾಲ್ಕೈದು ತಿಂಗಳಲ್ಲಿ ಓದು ಹರಿಯುತ್ತದೆ.

ದೃಢೀಕರಣವನ್ನು (ಬೆಳೆದ ಮಕ್ಕಳು ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿಕೊಳ್ಳುವ ವಿಧಿ) ಬಹಳ ಸಭೆಗಳು ಬೀಳ್ಕೊಡುಗೆ ಥರ ಮಾಡಿಬಿಟ್ಟಿವೆ: ಬಿಳಿ ಬಟ್ಟೆ, ಫೋಟೋ, ಊಟ, ಮುಂದಿನ ಭಾನುವಾರದಿಂದ ಹುಡುಗ ಇಲ್ಲ. ಅದೇ ದಿನ ಪ್ರತಿಯೊಬ್ಬರಿಗೂ ಒಂದೊಂದು ಕೆಲಸ ಹೆಸರು ಕರೆದು ಒಪ್ಪಿಸಿ. ಚಿಕ್ಕ ತರಗತಿಗೆ ಸಹಾಯ, ಹಾಡಿನ ಹಾಳೆ, ಹಿರಿಯರನ್ನು ಕೈಹಿಡಿದು ಕರೆತರುವುದು.

ಮಕ್ಕಳ ಸುರಕ್ಷತೆಯಲ್ಲಿ ರಿಯಾಯಿತಿ ಬೇಡ. ತರಗತಿಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು, ಬಾಗಿಲು ತೆರೆದೇ ಇರಲಿ. ಟೀಚರ್ ಒಬ್ಬರೇ ಮಗುವನ್ನು ಗಾಡಿಯಲ್ಲಿ ಬಿಡಲು ಹೋಗಬಾರದು, ರಾತ್ರಿ ಶಿಬಿರವಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಏನಾದರೂ ದೂರು ಬಂದರೆ ಕಮಿಟಿಯಲ್ಲಿ ಮುಚ್ಚಿ ತೀರ್ಮಾನಿಸುವ ಹಾಗಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಂತೆ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. ಪಾಸ್ಟರ್, ಫಾದರ್, ಹಿರಿಯರು ಯಾರಿಗೂ ವಿನಾಯಿತಿ ಇಲ್ಲ.

ಹೊಸನಗರ ಯೂತ್:

ಅಕ್ಕಾ, ಓದೋದು ಸರಿ. ಆದರೆ ಹುಡುಗರು ಬರೋದೇ ಹಾಡು, ಕೀಬೋರ್ಡ್, ಗಿಟಾರ್‌ಗೆ. ಸಂಗೀತವನ್ನೇ ಮೊದಲು ಅವರ ಕೈಗೆ ಕೊಟ್ಟರೆ ಉಳಿದದ್ದು ತಾನಾಗಿ ಬರುತ್ತೆ ಅನ್ನೋದು ನನ್ನ ಅಭಿಪ್ರಾಯ.

ಗಾಯನ ತಂಡ, ಸಾಗರ:

ಕೊಡಿ ತಮ್ಮಾ, ಆದರೆ ಹಳೆಯ ಹಾಡುಗಾರರನ್ನು ಮೂಲೆಗೆ ಕೂರಿಸಿ ಅಲ್ಲ. ರಾಗ, ತಾಳಕ್ಕೆ ಕೂರಿಸಿದ ಹಳೆಯ ಕನ್ನಡ ಕೀರ್ತನೆಗಳ ಎಷ್ಟೋ ಧಾಟಿಗಳಿಗೆ ಸ್ವರಲಿಪಿಯೇ ಇಲ್ಲ. ಪುಸ್ತಕದಲ್ಲಿ ಸಾಹಿತ್ಯ ಇದೆ, ಧಾಟಿ ಇರುವುದು 75-80ರ ಅಜ್ಜಂದಿರ ಗಂಟಲಲ್ಲಿ.

ಹುಡುಗರ ಮೊದಲ ಕೆಲಸ ಅದನ್ನು ರೆಕಾರ್ಡ್ ಮಾಡುವುದಾಗಲಿ. ಬೆಳಗಿನ ಹೊತ್ತು, ಫ್ಯಾನ್ ಆರಿಸಿ, ಫೋನನ್ನು ಒಂದು ಮೀಟರ್ ದೂರದಲ್ಲಿ ಮೆತ್ತನೆ ಬಟ್ಟೆ ಮೇಲೆ ಇಡಿ. ಹೆಂಚಿನ ಮನೆಯಾದರೆ ಮಳೆ ದಿನ ಬೇಡ, ಸದ್ದಿಗೆ ಏನೂ ಉಳಿಯುವುದಿಲ್ಲ. ಮೊದಲು ಹಾಡಿನ ಮೊದಲ ಸಾಲು, ಹಾಡುವವರ ಹೆಸರು, ಕಲಿತ ಊರು ಹೇಳಿಸಿ. ಆಮೇಲೆ ವಾದ್ಯ ಇಲ್ಲದೆ ಪಲ್ಲವಿ ಮತ್ತು ಒಂದು ಚರಣ. ಇನ್ನೊಮ್ಮೆ ಕೈತಾಳ ಹಾಕಿಸಿ: ಆದಿಯೋ, ರೂಪಕವೋ ಎಂದು ಗೊತ್ತಾಗುವುದು ಆಗಲೇ. ಅಜ್ಜ ಹಾಡುವ ಶ್ರುತಿಯನ್ನೇ ಬರೆದುಕೊಳ್ಳಿ, ಅದಕ್ಕೆ ಕೀಬೋರ್ಡ್ ಹೊಂದಿಸಿ. ಸಾಮಾನ್ಯವಾಗಿ ಹುಡುಗರು ಹೊಸ ಹಾಡಿನ ಎತ್ತರದ ಶ್ರುತಿಗೆ ಎಳೆದುಬಿಡುತ್ತಾರೆ, ಸಭೆಯ ಅರ್ಧ ಜನ ಬಾಯಿ ಮುಚ್ಚುತ್ತಾರೆ. ಸಭೆ ಹಾಡುತ್ತಿದೆಯೋ ತಂಡ ಮಾತ್ರ ಹಾಡುತ್ತಿದೆಯೋ ಎಂದು ಎರಡನೇ ಚರಣಕ್ಕೆ ವಾದ್ಯ ನಿಲ್ಲಿಸಿ ಕೇಳಿ.

ಸ್ಪೀಕರ್ ವಿಷಯ ಒಂದೇ ಸಾಲಲ್ಲಿ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ, ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್ ಮಿತಿ, ಅನುಮತಿ ಪತ್ರ ಕೈಯಲ್ಲಿರಲಿ.

ತೀರ್ಥಹಳ್ಳಿ ಸಭಾ ಕಾರ್ಯದರ್ಶಿ:

ಪ್ರಸಂಗ ಕಲಿಸುವ ಕ್ರಮ ಮತ್ತು ಹೊರಗಿನವರಿಗೆ ಸುವಾರ್ತೆ ಹೇಳುವ ವಿಷಯ ಯಾರಾದರೂ ಬರೆಯಿರಿ. ಹುಡುಗರಿಗೆ ಹುಮ್ಮಸ್ಸು ಇದೆ, ಹಿರಿಯರಿಗೆ ಭಯ. ಕರಪತ್ರ ಹಂಚಲು ಹೊರಟವರನ್ನು ತಡೆದು ನಿಲ್ಲಿಸಿದ್ದೇವೆ. ಇನ್ನೊಂದು ಸೂಕ್ಷ್ಮ ವಿಚಾರ: ಅಡಿಕೆ ವ್ಯಾಪಾರದ ಹುಡುಗ ಪಾಸ್ಟರ್ ಮಗ.

ವಕೀಲೆ, ಶಿವಮೊಗ್ಗ:

ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಡುತ್ತದೆ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. ಅಂದರೆ ಹೇಳಬಹುದು, ವಿವರಿಸಬಹುದು, ತೀರ್ಮಾನ ಕೇಳಿದವರದ್ದೇ.

2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯಲ್ಲಿ ಆಮಿಷ ಎಂಬುದರ ವ್ಯಾಪ್ತಿ ದೊಡ್ಡದು: ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಮದುವೆಯ ಭರವಸೆ, ಉತ್ತಮ ಜೀವನಶೈಲಿ, ದೇವರ ಕೋಪದ ಹೆದರಿಕೆ, ಇನ್ನೊಂದು ಧರ್ಮದ ಆಚರಣೆಯನ್ನು ಕೀಳಾಗಿ ತೋರಿಸುವುದು. ಧರ್ಮ ಬದಲಿಸುವವರು 30 ದಿನ ಮೊದಲು ಜಿಲ್ಲಾಧಿಕಾರಿಗೆ ಘೋಷಣೆ ಕೊಡಬೇಕು, ಆ ವಿಧಿ ನಡೆಸುವವರೂ 30 ದಿನದ ಮುನ್ಸೂಚನೆ ಕೊಡಬೇಕು. ಶಿಕ್ಷೆ 3ರಿಂದ 5 ವರ್ಷ. ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟರ ವಿಷಯದಲ್ಲಿ 10 ವರ್ಷದವರೆಗೆ. 2023ರ ಜೂನ್‌ನಲ್ಲಿ ಸಚಿವ ಸಂಪುಟ ಇದನ್ನು ರದ್ದುಪಡಿಸಲು ತೀರ್ಮಾನಿಸಿತು. ಸಂಪುಟ ತೀರ್ಮಾನಿಸಿದ ಮಾತ್ರಕ್ಕೆ ಕಾಯ್ದೆ ಹೋಗುವುದಿಲ್ಲ, ಸದನದಲ್ಲಿ ಮಸೂದೆ ಪಾಸಾಗಿ ಗೆಜೆಟ್‌ನಲ್ಲಿ ಬರಬೇಕು. ರದ್ದತಿಯ ಗೆಜೆಟ್ ಪ್ರತಿಯನ್ನು ಕಣ್ಣಾರೆ ನೋಡುವ ತನಕ ಕಾಯ್ದೆ ಇದೆ ಎಂದೇ ನಡೆಯಿರಿ.

ಹುಡುಗರಿಗೆ ಸ್ಪಷ್ಟವಾಗಿ ಹೇಳಿ. ಅಕ್ಕಿ, ಹೊದಿಕೆ, ನೋಟ್‌ಬುಕ್ ಕೊಡುವ ದಿನ ಕರಪತ್ರ ಬೇಡ, ಪ್ರಾರ್ಥನೆಯೂ ಬೇಡ. ಬೇರೆಯವರ ದೇವರ ಬಗ್ಗೆ ಒಂದು ಮಾತೂ ಬೇಡ. "ನಮ್ಮಲ್ಲಿಗೆ ಬಂದರೆ ಕಾಯಿಲೆ ವಾಸಿ" ಎಂಬ ಮಾತು ಬಾಯಿಂದ ಬರಕೂಡದು. 18ರೊಳಗಿನ ಬೇರೆ ಧರ್ಮದ ಮಕ್ಕಳು ವಿಬಿಎಸ್‌ಗೆ ಬರುವುದಾದರೆ ತಂದೆ ತಾಯಿಯ ಲಿಖಿತ ಒಪ್ಪಿಗೆ ಇರಲೇಬೇಕು.

ನಿವೃತ್ತ ಸಭಾಪಾಲಕ, ಶಿವಮೊಗ್ಗ:

ವಕೀಲೆಯಮ್ಮ ಬರೆದದ್ದನ್ನು ಕಾನೂನಿನ ಭಯಕ್ಕೆ ಮಾತ್ರ ಪಾಲಿಸಬೇಡಿ. ಅಕ್ಕಿ ಚೀಲ ನೋಡಿ ಬಂದ ನಂಬಿಕೆ ಚೀಲ ಖಾಲಿಯಾದಾಗ ಹೋಗುತ್ತದೆ. ನಿಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಸಾತ್ವಿಕತ್ವದಿಂದ ಉತ್ತರ ಕೊಡಿ ಎನ್ನುತ್ತಾನೆ ಪೇತ್ರ, ಮೊದಲ ಪತ್ರ 3:15. ಕೇಳುವ ಹಾಗೆ ಬದುಕುವುದು ಮೊದಲು. ಕರಪತ್ರ ಹಂಚುವುದು ಸುಲಭ, ಏಕೆಂದರೆ ಹಂಚಿದ ಮೇಲೆ ಆ ಮನುಷ್ಯನ ಹೊಣೆ ಇರುವುದಿಲ್ಲ. ಹುಡುಗರಿಗೆ ಕಲಿಸಬೇಕಾದದ್ದು ಒಬ್ಬ ಮನುಷ್ಯನ ಜೊತೆ ವರ್ಷಗಟ್ಟಲೆ ಸ್ನೇಹ ಇಟ್ಟುಕೊಳ್ಳುವುದು, ಅವನ ಮನೆಯ ಸಾವಿಗೂ ಮದುವೆಗೂ ಹೋಗುವುದು, ಕೇಳಿದಾಗ ಮೂರು ನಿಮಿಷದಲ್ಲಿ ತನ್ನ ನಂಬಿಕೆಯನ್ನು ತಿಳಿಗನ್ನಡದಲ್ಲಿ ಹೇಳುವುದು. ಆ ಮೂರು ನಿಮಿಷವನ್ನು ಬರೆಸಿ, ಅದರಲ್ಲಿ "ರಕ್ತದಿಂದ ತೊಳೆಯಲ್ಪಟ್ಟು" ಮುಂತಾದ ಸಭೆಯ ಒಳಗಿನ ಮಾತುಗಳಿಗೆ ಗೀಟು ಹಾಕಿ ಬೇರೆ ಮಾತಲ್ಲಿ ಹೇಳಿಸಿ. ದೀಕ್ಷಾಸ್ನಾನ ಕೇಳಿಕೊಂಡು ಬಂದವರಿಗೆ ಆತುರ ಮಾಡಬೇಡಿ. ಒಂದು ವರ್ಷ ವಾಕ್ಯ ಕಲಿಯಲಿ, ಮನೆಯವರಿಗೆ ತಿಳಿದಿರಲಿ. ಗುಟ್ಟಾಗಿ ಕೊಟ್ಟ ದೀಕ್ಷಾಸ್ನಾನದಿಂದ ಮನೆ ಒಡೆಯುತ್ತದೆ.

ಪ್ರಸಂಗದ ಕ್ರಮ: ಮೊದಲು ವಾಕ್ಯ ಓದುವುದು, ನಂತರ ವಿಜ್ಞಾಪನಾ ಪ್ರಾರ್ಥನೆ, ನಂತರ ಮನೆ ಕೂಟದಲ್ಲಿ ಏಳು ನಿಮಿಷ, ನಂತರ ವಾರದ ಕೂಟದಲ್ಲಿ ಹದಿನೈದು, ಕೊನೆಗೆ ಭಾನುವಾರ ಇಪ್ಪತ್ತೈದು. ರೂಪುರೇಖೆ ಬುಧವಾರ ಪಾಸ್ಟರ್ ಕೈಗೆ. ಪ್ರಸಂಗ ಆದ ಮೇಲಿನ ಮಂಗಳವಾರ ಇಬ್ಬರೇ ಕೂತು ಮಾತಾಡಬೇಕು: ಭಾಗದಲ್ಲಿ ಇರುವುದನ್ನೇ ಹೇಳಿದನೇ, ಕೊನೆಯ ಬೆಂಚಿನ ಅಜ್ಜಿಗೆ ಅರ್ಥವಾಯಿತೇ, ಒಂದೇ ವಿಷಯ ಇತ್ತೇ? ಎಲ್ಲರೆದುರು ತಿದ್ದಬಾರದು. ಯೂಟ್ಯೂಬ್ ಬೋಧಕರ ಧ್ವನಿ, ಕೂಗು, ಕೈಸನ್ನೆ ಎತ್ತಿಕೊಂಡು ಬರುವುದು ಈಗಿನ ದೊಡ್ಡ ಪಿಡುಗು. ಅದಕ್ಕೆ ಔಷಧ ಮನೆ ಕೂಟವೇ, ಎಂಟು ಜನರ ಮುಂದೆ ಯಾರೂ ಕೂಗಲಾರರು. ಆಳವಾಗಿ ಓದಲು ಮನಸ್ಸಿದ್ದವರಿಗೆ ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೆ, ಅದರ ಬೇರು 1847ರ ಬಾಸೆಲ್ ಮಿಷನ್ ಸೆಮಿನರಿಗೆ ಹೋಗುತ್ತದೆ.

ಪಾಸ್ಟರ್ ಮಗನ ವಿಷಯ. ಮಗ ಎಂಬ ಕಾರಣಕ್ಕೆ ಬೇಡ ಎನ್ನುವುದೂ ತಪ್ಪು, ಬೇಕು ಎನ್ನುವುದೂ ತಪ್ಪು. ಸತ್ಯವೇದದಲ್ಲಿ ಯಾಜಕ ಏಲಿಯ ಮಕ್ಕಳೂ ಪ್ರವಾದಿ ಸಮುವೇಲನ ಮಕ್ಕಳೂ ದಾರಿ ತಪ್ಪಿದ್ದು ಎಲ್ಲರಿಗೂ ಗೊತ್ತು. ಸಮುವೇಲ ತಾನೇ ಮಕ್ಕಳನ್ನು ನ್ಯಾಯಾಧಿಪತಿಗಳನ್ನಾಗಿ ಮಾಡಿದ, ಯಾರೂ ಪರೀಕ್ಷಿಸಲಿಲ್ಲ. ಸಭಾಸೇವಕರು ಮೊದಲು ಪರೀಕ್ಷಿಸಲ್ಪಡಲಿ ಎಂಬ ಮಾತು ಒಂದನೇ ತಿಮೊಥೆಯ 3:10ರಲ್ಲಿದೆ. ನಾಲ್ವರಿಗೂ ಒಂದೇ ಮೆಟ್ಟಿಲು. ತೀರ್ಮಾನದ ಸಭೆಯಲ್ಲಿ ಪಾಸ್ಟರ್ ಮತ್ತು ಅವರ ಮನೆಯವರು ಹೊರಗೆ ಕೂರಲಿ. ಹತ್ತಿರದ ಸಭೆಯ ಇಬ್ಬರು ಹಿರಿಯರನ್ನು ಕರೆಸಿ. ಕಾಣಿಕೆ ಎಣಿಕೆ, ಬ್ಯಾಂಕ್ ಸಹಿಯಿಂದ ಮಗನನ್ನು ದೂರವಿಡಿ, ಅವನಿಗೂ ಅದು ಒಳ್ಳೆಯದೇ.

ತೀರ್ಥಹಳ್ಳಿ ಸಭಾ ಕಾರ್ಯದರ್ಶಿ:

ಕೊನೆಯದಾಗಿ: ದಾಟಿಸಿದ ಮೇಲೆ ಪಾಸ್ಟರ್ ಎಲ್ಲಿ ಕೂರಬೇಕು? ಇದೇ ಸಭೆಯಲ್ಲೇ ಇರುತ್ತಾರೆ, ಬೇರೆ ಊರಿಲ್ಲ ಅವರಿಗೆ.

ನಿವೃತ್ತ ಸಭಾಪಾಲಕ, ಶಿವಮೊಗ್ಗ:

ಸತ್ಯವೇದದ ಅರಣ್ಯಕಾಂಡ 8:24ರಿಂದ 26 ಓದಿ. ದೇವಸೇವೆಗೆ ನೇಮಕವಾದ ಲೇವಿಯರು 25ನೇ ವಯಸ್ಸಿಗೆ ಸೇವೆಗೆ ಸೇರಿ 50ಕ್ಕೆ ಬಿಡುತ್ತಾರೆ, ಬಿಟ್ಟ ಮೇಲೆ ಸಹೋದರರಿಗೆ ಸಹಾಯ ಮಾಡುತ್ತಾರೆ. ಅಲ್ಲೇ 27ನೇ ಅಧ್ಯಾಯದಲ್ಲಿ ಮೋಶೆ ತನ್ನ ಗೌರವದಲ್ಲಿ ಸ್ವಲ್ಪ ಭಾಗವನ್ನು ಯೆಹೋಶುವನಿಗೆ ಎಲ್ಲರ ಕಣ್ಣೆದುರು ಕೊಡುತ್ತಾನೆ, ತಾನಿನ್ನೂ ಬದುಕಿರುವಾಗ.

ನಿಮ್ಮಲ್ಲಿಯೂ ಹಾಗೇ ಆಗಲಿ. ಈಸ್ಟರ್ ನಂತರದ ಒಂದು ಭಾನುವಾರ, ಎಲ್ಲರೂ ಬರಲು ಆಗುವ ಕಾಲದಲ್ಲಿ, ಪಾಸ್ಟರ್ ತಾವೇ ಹಸ್ತವಿಟ್ಟು ಪ್ರಾರ್ಥಿಸಲಿ. ಯಾರಿಗೆ ಯಾವ ಕೆಲಸ ಎಂದು ಹೆಸರು ಸಮೇತ ಹೇಳಲಿ, ಕಮಿಟಿಯ ನಡವಳಿ ಪುಸ್ತಕದಲ್ಲಿ ಅದೇ ದಿನ ಬರೆಯಲಿ. ನಂತರ ಮೂರು ತಿಂಗಳು ಅವರು ಭಾನುವಾರ ಪ್ರಸಂಗ ಮಾಡಬಾರದು, ಯಾರು ಎಷ್ಟು ಕೇಳಿಕೊಂಡರೂ. ಕಮಿಟಿಗೆ ಬರಬಾರದು. ದೂರು ತಂದವರಿಗೆ "ಅವರ ಹತ್ತಿರ ಹೋಗಿ" ಎಂದು ಹೊಸಬರ ಹೆಸರು ಹೇಳಬೇಕು, ದೂರನ್ನು ಕೇಳಿಸಿಕೊಳ್ಳಲೂ ಬಾರದು. ಇದು ಅವರಿಗೆ ಬಹಳ ಕಷ್ಟದ ಕಾಲ, ಯಾರಾದರೂ ವಾರಕ್ಕೊಮ್ಮೆ ಅವರ ಮನೆಗೆ ಹೋಗಿ ಕೂರಬೇಕು. ಮೂರು ತಿಂಗಳ ಮೇಲೆ ಎರಡು ಕೆಲಸ ಅವರಿಗೆ ಮರಳಿ ಕೊಡಿ: ಹಾಸಿಗೆ ಹಿಡಿದವರ ಭೇಟಿ, ಮತ್ತು ತಿಂಗಳಿಗೊಮ್ಮೆ ನಾಲ್ವರ ಜೊತೆ ವಾಕ್ಯ ಧ್ಯಾನ. ತಿಂಗಳ ಗೌರವಧನ ಎಷ್ಟು, ಎಲ್ಲಿಯವರೆಗೆ ಎಂದು ಠರಾವಿನಲ್ಲಿ ಮೊದಲೇ ಬರೆದಿಡಿ, ಹೊಸಬರ ದಯೆಗೆ ಬಿಡಬೇಡಿ.

ಸಾಗರ ಖಜಾಂಚಿ:

ಆ ಠರಾವಿನಲ್ಲಿ ಅವರ ನಂತರ ಅವರ ಹೆಂಡತಿಗೂ ಅದೇ ಗೌರವಧನ ಮುಂದುವರಿಯುತ್ತದೆ ಎಂಬ ಸಾಲು ಸೇರಿಸಿ. ಔಷಧದ ಖರ್ಚನ್ನು ಬೇರೆ ಬಾಬ್ತಿನಲ್ಲಿ ತೋರಿಸಿ.